‘ಆಗಲಿ’ ಎಂಬ ಮಾತು

ನಮ್ಮ ಹಳೆಯ ಕಾವ್ಯಗಳನ್ನು ತರಗತಿಯಲ್ಲಿ ಪಾಠ ಹೇಳುವವರಿಗೆ ಮೇಲಿಂದ ಮೇಲೆ ಎದುರಾಗುವ ಕ್ರಿಯಾಪದಗಳಲ್ಲಿ ‘ಚಿತ್ತೈಸು’ ಎಂಬುದೂ ಒಂದು. ಓಲಗದಲ್ಲಿ ಕೈಮುಗಿದು ನಿಂತ ಮಂತ್ರಿಯೋ ದೂತನೋ ದೊರೆಗೆ ತನ್ನ ಬಿನ್ನಪವನ್ನು ಅರಿಕೆಮಾಡಿಕೊಳ್ಳಲು ತೊಡಗುವುದು ಈ ಮಾತಿನಿಂದ. ‘ತಾವು ಮನಸ್ಸಿಟ್ಟು ಕೇಳಬೇಕು’ ಎಂಬುದು ಅದರ ತಾತ್ಪರ್ಯ. ಹೇಳಬೇಕಾದುದನ್ನೆಲ್ಲ ಹೇಳಿ ಮುಗಿಸಿದ ಮೇಲೆ ‘ಇನ್ನು ತಮ್ಮ ಚಿತ್ತ’ ಎಂದು ಆತ ಸುಮ್ಮನಾಗುತ್ತಾನೆ. ಆ ದೊರೆಗಳೂ ಆ ಓಲಗಗಳೂ ಹೋಗಿ ಎಷ್ಟೋ ಕಾಲವಾಯಿತು. ಆದರೆ ‘ನಿಮ್ಮ ಚಿತ್ತ, ನಮ್ಮ ಭಾಗ್ಯ’ ಎಂಬ ನುಡಿ ನಮ್ಮ ಹಳ್ಳಿಗಳ ಜಗಲಿಯ ಮೇಲೆಯೂ ತಾಲ್ಲೂಕು ಕಚೇರಿಯ ಮೆಟ್ಟಿಲುಗಳ ಮೇಲೆಯೂ ಇಂದಿಗೂ ಉಳಿದುಕೊಂಡು ಬಂದಿದೆ. ಕೇಳುವವನು ಕೇಳಬಹುದು, ಕೊಡುವುದು, ಬಿಡುವುದು ದೊಡ್ಡವರ ಮನಸ್ಸಿಗೆ ಸೇರಿದ್ದು, ಇವೆರಡರ ನಡುವೆ ಇರುವುದು ಬೇಡುವವನ ಅದೃಷ್ಟ—ಇದು ಆ ನುಡಿಯ ಹಿಂದಿರುವ ಲೋಕಾನುಭವ.

ಇದೇ ‘ಚಿತ್ತ’ ಕನ್ನಡ ಕ್ರೈಸ್ತರ ಪ್ರಾರ್ಥನೆಯ ನಡುಮನೆಯಲ್ಲಿಯೂ ಬಂದು ನೆಲೆಸಿದೆ. ಯೇಸುಕ್ರಿಸ್ತನು ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿದೆ. ಅದರಲ್ಲಿ ಅನುದಿನದ ಆಹಾರವನ್ನು ಕೇಳುವುದಕ್ಕೂ ಮೊದಲು, ದೇವರ ಚಿತ್ತವು ಈ ಭೂಮಿಯ ಮೇಲೂ ನೆರವೇರಲಿ ಎಂಬ ಅರ್ಥದ ಕೋರಿಕೆಯೊಂದು ಬರುತ್ತದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ ಕನ್ನಡ ಕಲಿತು ಅನುವಾದಕ್ಕೆ ತೊಡಗಿದರು. 1831ರ ಹೊತ್ತಿಗೆ ಇಡೀ ಬೈಬಲು ಕನ್ನಡದಲ್ಲಿ ಅಚ್ಚಾಗಿತ್ತು. ಅಲ್ಲಿಂದ ಮುಂದೆ ಆ ಅನುವಾದ ಹಲವು ಕೈಗಳಲ್ಲಿ ಹಲವು ಬಾರಿ ತಿದ್ದುಪಡಿಯಾಗಿದೆ. ಗ್ರೀಕಿನ ‘ಥೆಲೆಮ’ ಎಂಬ ಪದಕ್ಕೆ ‘ಇಚ್ಛೆ’ ಎನ್ನಬಹುದಿತ್ತು, ‘ಸಂಕಲ್ಪ’ ಎನ್ನಬಹುದಿತ್ತು. ಇಂದು ನಮ್ಮ ಸಭೆಗಳಲ್ಲಿ ಎಲ್ಲರೂ ಒಕ್ಕೊರಲಿನಿಂದ ಹೇಳುವ ಪಾಠದಲ್ಲಿ ಉಳಿದು ನಿಂತಿರುವುದು ‘ಚಿತ್ತ’. ಇಚ್ಛೆಯಲ್ಲಿ ಬರಿಯ ಬಯಕೆಯಿದೆ, ಸಂಕಲ್ಪದಲ್ಲಿ ಬರಿಯ ನಿಶ್ಚಯವಿದೆ. ಚಿತ್ತದಲ್ಲಾದರೋ ಮನಸ್ಸಿದೆ, ಗಮನವಿದೆ, ಪ್ರೀತಿಗೆ ಎಡೆಯಿದೆ. ಒಳ್ಳೆಯ ಪದ. ಆದರೆ ಅದರೊಡನೆ ಆ ಹಳೆಯ ಓಲಗದ ನೆರಳೂ ಬಂದಿದೆ. ದೇವರನ್ನು ದೊರೆಯೆಂದು, ತನ್ನನ್ನು ಬಿನ್ನಪದ ಕಾಗದ ಹಿಡಿದು ನಿಂತ ರೈತನೆಂದು ಭಾವಿಸಿ ಪ್ರಾರ್ಥಿಸುವವನಿಗೆ ಉಳಿಯುವ ದಾರಿಗಳು ಎರಡೇ: ಹೇಗಾದರೂ ಮಾಡಿ ಒಡೆಯನ ಮನಸ್ಸನ್ನು ತನ್ನ ಕಡೆಗೆ ತಿರುಗಿಸುವುದು, ಇಲ್ಲವೆ ತನ್ನ ಆಸೆಯನ್ನು ನುಂಗಿಕೊಂಡು ಮನೆಗೆ ಮರಳುವುದು. ಕ್ರೈಸ್ತರ ಪ್ರಾರ್ಥನೆ ಈ ಎರಡರಲ್ಲಿ ಯಾವುದಕ್ಕಾದರೂ ಸೇರುತ್ತದೆಯೆ ಎಂಬುದು ಇಲ್ಲಿ ನಾನು ವಿಚಾರಮಾಡಬೇಕೆಂದಿರುವ ವಿಷಯ. ದೊಡ್ಡಬಳ್ಳಾಪುರದ ಕನ್ನಡ ಕ್ರೈಸ್ತ ಮನೆತನವೊಂದರಲ್ಲಿ ಹುಟ್ಟಿ, ಜೀವನಕ್ಕಾಗಿ ಕನ್ನಡ ವ್ಯಾಕರಣವನ್ನೂ ಕಾವ್ಯವನ್ನೂ ಪಾಠಹೇಳುವ ನನಗೆ ಇದು ನಂಬಿಕೆಯ ಪ್ರಶ್ನೆಯೂ ಹೌದು, ಭಾಷೆಯ ಪ್ರಶ್ನೆಯೂ ಹೌದು.

ನಮ್ಮ ಸೀಮೆಯ ನಿತ್ಯಜೀವನವೇ ಈ ಪ್ರಶ್ನೆಯನ್ನು ಎತ್ತಿ ಕೊಡುತ್ತದೆ. ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಬಯಲಿನಲ್ಲಿ ವರ್ಷವಿಡೀ ಹರಿಯುವ ಹೊಳೆಯೆಂಬುದಿಲ್ಲ. ಅರ್ಕಾವತಿಯೂ ದಕ್ಷಿಣ ಪಿನಾಕಿನಿಯೂ ನಂದಿಬೆಟ್ಟದ ಮಗ್ಗುಲಲ್ಲಿ ಹುಟ್ಟುತ್ತವೆಂಬುದು ಹೆಮ್ಮೆಯ ಮಾತೇ ಸರಿ. ಆದರೆ ಆಕಾಶ ಕೊಟ್ಟರೆ ಮಾತ್ರ ಅವು ನದಿಗಳು. 2023ರಲ್ಲಿ ಮಳೆ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಅಂಥ ವರ್ಷಗಳಲ್ಲಿ ದೇವಾಲಯ, ಮಸೀದಿ, ಚರ್ಚು ಎಂಬ ಭೇದವಿಲ್ಲದೆ ಎಲ್ಲೆಡೆಯೂ ಒಂದೇ ಪ್ರಾರ್ಥನೆ ಕೇಳಿಬರುತ್ತದೆ.

ಆದರೆ ಎಲ್ಲ ವರ್ಷಗಳೂ ಹಾಗಿರುವುದಿಲ್ಲ. ಈ ನೆಲದ ಹೆಸರಾಂತ ಬೆಳೆಗಳಲ್ಲಿ ಬೆಂಗಳೂರು ನೀಲಿ ದ್ರಾಕ್ಷಿಯೂ ಒಂದು. ವರ್ಷಕ್ಕೆ ಎರಡು ಸಲ ಫಲ ಕೊಡುವ ಬಳ್ಳಿ. ಅದರ ಒಂದು ಫಸಲು ಮಾಗುವ ಹೊತ್ತೂ ರಾಗಿ ಬಿತ್ತನೆಯ ಹೊತ್ತೂ ಕೆಲವೊಮ್ಮೆ ಒಂದರ ಮೇಲೊಂದು ಬೀಳುತ್ತವೆ. ರಾಗಿಯವನಿಗೆ ಆಗ ಹದವಾದ ಮಳೆ ಬೇಕು. ದ್ರಾಕ್ಷಿಯವನಿಗೆ ಅದೇ ಮಳೆ ಶತ್ರು. ಮಾಗಿದ ಹಣ್ಣು ನೀರು ಕುಡಿದು ಬಿರಿಯುತ್ತದೆ, ಗೊಂಚಲಿಗೆ ಬೂಜು ಹಿಡಿಯುತ್ತದೆ, ಸಾಲಮಾಡಿ ನಿಲ್ಲಿಸಿದ ಚಪ್ಪರದ ಕೆಳಗೆ ವರ್ಷದ ದುಡಿಮೆ ಕೊಳೆತು ಬೀಳುತ್ತದೆ. ಒಂದೇ ಬದುವಿನ ಆಚೆ ಈಚೆಯ ಇಬ್ಬರು ನೆರೆಹೊರೆಯವರು ಒಂದೇ ಭಾನುವಾರ, ಒಂದೇ ಸಭೆಯಲ್ಲಿ, ಒಂದೇ ಬೆಂಚಿನ ಮೇಲೆ ಕುಳಿತು ಒಬ್ಬನು ಮಳೆ ಬರಲೆಂದೂ ಇನ್ನೊಬ್ಬನು ಬಾರದಿರಲೆಂದೂ ಪ್ರಾರ್ಥಿಸಿದರೆ, ದೇವರು ಯಾರ ಮಾತನ್ನು ಚಿತ್ತೈಸಬೇಕು? ಇಬ್ಬರೂ ಕಪಟಿಗಳಲ್ಲ, ಇಬ್ಬರಿಗೂ ಮಕ್ಕಳಿದ್ದಾರೆ, ಇಬ್ಬರ ಬೇಡಿಕೆಯೂ ನ್ಯಾಯವಾದದ್ದೇ.

ಅಮೆರಿಕದ ಅಂತರ್ಯುದ್ಧ ಕೊನೆಗಾಣುತ್ತಿದ್ದ 1865ರ ಮಾರ್ಚಿಯಲ್ಲಿ ಅಬ್ರಹಾಂ ಲಿಂಕನ್ ಎರಡನೆಯ ಬಾರಿಗೆ ಅಧಿಕಾರ ವಹಿಸಿಕೊಂಡು ಆಡಿದ ಭಾಷಣದಲ್ಲಿ ಇಂಥದೇ ಇಕ್ಕಟ್ಟನ್ನು ಎತ್ತಿ ತೋರಿಸಿದರು. ಎರಡು ಪಕ್ಷದವರೂ ಓದುವುದು ಒಂದೇ ಬೈಬಲನ್ನು, ಪ್ರಾರ್ಥಿಸುವುದು ಒಬ್ಬನೇ ದೇವರನ್ನು. ಇಬ್ಬರ ಪ್ರಾರ್ಥನೆಯೂ ಈಡೇರುವುದು ಸಾಧ್ಯವಿಲ್ಲ, ಯಾರೊಬ್ಬರದೂ ಪೂರ್ಣವಾಗಿ ಈಡೇರಲಿಲ್ಲ ಎಂಬುದು ಅವರ ಮಾತಿನ ಸಾರ. ಗೆಲುವಿನ ಹೊಸ್ತಿಲಲ್ಲಿ ನಿಂತ ನಾಯಕನೊಬ್ಬನು ದೇವರ ಚಿತ್ತವೂ ತನ್ನ ಪಕ್ಷವೂ ಒಂದೇ ಎಂದು ಸಾರದೆ ಹೋದದ್ದು ಚರಿತ್ರೆಯಲ್ಲಿ ಅಪರೂಪ. ಪ್ರಾರ್ಥನೆಯು ದೇವರನ್ನು ನಮ್ಮ ಕಡೆಗೆ ಎಳೆದುಕೊಳ್ಳುವ ಹಗ್ಗವಾದರೆ, ಬದುವಿನ ಇಬ್ಬರು ರೈತರೂ ಹಗ್ಗಜಗ್ಗಾಟದ ಎರಡು ತುದಿಗಳಲ್ಲಿ ನಿಂತಂತೆಯೇ ಲೆಕ್ಕ.

ಹಾಗಾದರೆ ಆಸೆಯನ್ನು ಬಿಟ್ಟುಬಿಡುವುದೇ ಧರ್ಮವೊ? ಬೈಬಲಿನ ಕಥೆಗಳು ಅದನ್ನೂ ಹೇಳುವುದಿಲ್ಲ. ಮಕ್ಕಳಿಲ್ಲದ ಹನ್ನ ಎಂಬ ಹೆಂಗಸು ಶೀಲೋವಿನ ದೇವಾಲಯದಲ್ಲಿ ತುಟಿಗಳನ್ನಷ್ಟೇ ಅಲುಗಿಸುತ್ತ ಅತ್ತು ಬೇಡಿಕೊಂಡಾಗ, ಅಲ್ಲಿದ್ದ ಯಾಜಕನು ಆಕೆ ಕುಡಿದಿರಬೇಕೆಂದುಕೊಂಡ. ಅಷ್ಟು ತೀವ್ರವಾಗಿತ್ತು ಆ ಬಯಕೆ. ಸೊದೋಮ್ ಪಟ್ಟಣವನ್ನು ಉಳಿಸಬೇಕೆಂದು ಅಬ್ರಹಾಮನು ಐವತ್ತು ಮಂದಿ ನೀತಿವಂತರಿಂದ ತೊಡಗಿ ಹತ್ತರವರೆಗೆ ಇಳಿಸುತ್ತ, ಸಂತೆಯಲ್ಲಿ ಚೌಕಾಸಿ ಮಾಡುವವನ ಹಾಗೆ ದೇವರೊಡನೆ ವಾದಿಸಿದ. ಇವರಾರನ್ನೂ ಆ ಗ್ರಂಥ ಗದರಿಸುವುದಿಲ್ಲ. ಸಂತ ಅಗಸ್ಟೀನನು ಪ್ರೋಬಾ ಎಂಬ ವಿಧವೆಗೆ ಪ್ರಾರ್ಥನೆಯನ್ನು ಕುರಿತು ಬರೆದ ದೀರ್ಘವಾದ ಪತ್ರವೊಂದಿದೆ. ನಮಗೇನು ಬೇಕೆಂಬುದು ದೇವರಿಗೆ ಮೊದಲೇ ಗೊತ್ತಿರುವಾಗ ಕೇಳುವುದೇಕೆ ಎಂಬ ಪ್ರಶ್ನೆಗೆ ಅವನು ಅಲ್ಲಿ ಕೊಡುವ ಉತ್ತರ ಸೊಗಸಾಗಿದೆ: ಕೇಳುವುದರಿಂದ ತಿಳಿವಳಿಕೆ ಹೆಚ್ಚುವುದು ದೇವರಿಗಲ್ಲ, ಕೇಳುತ್ತ ಕೇಳುತ್ತ ನಮ್ಮ ಬಯಕೆ ಹಿಗ್ಗಿ, ಅವನು ಕೊಡಬೇಕೆಂದಿರುವುದನ್ನು ಹಿಡಿಸುವಷ್ಟು ದೊಡ್ಡದಾಗುತ್ತದೆ. ಅಂದಮೇಲೆ ಬಯಕೆಯನ್ನು ಕೊಂದುಕೊಂಡು ಬಂದವನಿಗೆ ಪ್ರಾರ್ಥನೆಯಲ್ಲಿ ಕೆಲಸವೇ ಇಲ್ಲವೆಂದಾಯಿತು.

ಈ ಎರಡು ದಾರಿಗಳ ನಡುವೆ ಮೂರನೆಯದೊಂದು ಕಾಣಬೇಕಾದರೆ ಗೆತ್ಸೇಮನೆ ತೋಟಕ್ಕೆ ಹೋಗಬೇಕು. ಯೆರೂಸಲೇಮಿನ ಪಕ್ಕದ ಎಣ್ಣೆಮರಗಳ ಗುಡ್ಡದ ತಪ್ಪಲಿನ ತೋಟವದು. ಆ ಹೆಸರಿನ ಅರ್ಥ ‘ಎಣ್ಣೆಯ ಗಾಣ’. ಮರುದಿನ ಶಿಲುವೆಯ ಸಾವು ತನಗೆ ಕಾದಿದೆಯೆಂದು ಬಲ್ಲ ಯೇಸು, ರಾತ್ರಿ ಮೂವರು ಶಿಷ್ಯರನ್ನು ಕರೆದುಕೊಂಡು ಅಲ್ಲಿಗೆ ಹೋಗುತ್ತಾನೆ. ಅವರು ನಿದ್ದೆಹೋಗುತ್ತಾರೆ. ಅವನು ಬೋರಲುಬಿದ್ದು ಪ್ರಾರ್ಥಿಸುತ್ತಾನೆ. ಮೊದಲು ಬರುವ ಮಾತು ಸಮರ್ಪಣೆಯದಲ್ಲವೆಂಬುದನ್ನು ಓದುಗರು ಗಮನಿಸಬೇಕು. ಈ ಸಂಕಟದ ಪಾತ್ರೆ ತನ್ನಿಂದ ತೊಲಗಬೇಕೆಂಬ ಆಸೆಯನ್ನು ಅವನು ಮುಚ್ಚುಮರೆಯಿಲ್ಲದೆ ಮುಂದಿಡುತ್ತಾನೆ. ಅದಾದ ಮೇಲೆಯೇ, ತನ್ನ ಚಿತ್ತವನ್ನು ತಂದೆಯ ಚಿತ್ತದ ಮುಂದೆ ಇಳಿಸುವ ಮಾತು. ಅದೂ ಒಂದೇ ಬಾರಿಗೆ ಮುಗಿಯಲಿಲ್ಲ. ಎದ್ದು ಬಂದು ಶಿಷ್ಯರನ್ನು ನೋಡಿ, ಮರಳಿ ಹೋಗಿ, ಹೀಗೆ ಮೂರು ಸಲ ಪ್ರಾರ್ಥಿಸಿದನೆಂದು ಮತ್ತಾಯನು ಬರೆಯುತ್ತಾನೆ. ಕ್ರಿಸ್ತನಿಗೇ ಮೂರು ಸಲ ಬೇಕಾಯಿತೆಂದ ಮೇಲೆ, ಮನಸ್ಸು ಒಮ್ಮೆಗೇ ಒಪ್ಪಲಿಲ್ಲವೆಂದು ಕೊರಗುವವರಿಗೆ ಇದಕ್ಕಿಂತ ಬೇರೆ ಸಮಾಧಾನ ಬೇಕಿಲ್ಲ. ಗಾಣದಲ್ಲಿ ಎಣ್ಣೆ ಒಂದೇ ಸುತ್ತಿಗೆ ಇಳಿಯುವುದಿಲ್ಲ.

ಆ ಪಾತ್ರೆ ತೊಲಗಲಿಲ್ಲ. ಪೌಲನಿಗೂ ಹಾಗೆಯೇ ಆಯಿತು. ತನ್ನ ಶರೀರವನ್ನು ಮುಳ್ಳಿನಂತೆ ಚುಚ್ಚುತ್ತಿದ್ದ ಬಾಧೆಯೊಂದನ್ನು ತೆಗೆದುಬಿಡಬೇಕೆಂದು ಅವನೂ ಮೂರು ಸಲ ಬೇಡಿಕೊಂಡ. ಮುಳ್ಳು ಉಳಿಯಿತು, ಅದನ್ನು ಹೊತ್ತು ನಡೆಯುವಷ್ಟು ಕೃಪೆ ಸಾಕೆಂಬ ಉತ್ತರ ಮಾತ್ರ ಸಿಕ್ಕಿತು. ಈಡೇರದ ಪ್ರಾರ್ಥನೆಗಳನ್ನು ಮರೆಮಾಚದೆ ದಾಖಲಿಸಿರುವುದು ಆ ಗ್ರಂಥದ ದೊಡ್ಡತನವೆಂದು ನನ್ನ ಭಾವನೆ.

ಇಷ್ಟು ಸಿದ್ಧಾಂತ. ಆದರೆ ಸಿದ್ಧಾಂತವು ಮನೆಯೊಳಗೆ ಕಾಲಿಟ್ಟಾಗ ಆಗುವುದೇ ಬೇರೆ.

ನನ್ನ ಅಕ್ಕನ ಮಗ ಒಂಬತ್ತು ವರ್ಷದವನಾಗಿದ್ದಾಗ ಜ್ವರ ಬಂದು ಎಂಟು ದಿನಗಳಲ್ಲಿ ತೀರಿಕೊಂಡ. ಆ ಎಂಟು ದಿನವೂ ಮನೆಯಲ್ಲಿ ಪ್ರಾರ್ಥನೆ ನಿಲ್ಲಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಬಂಧುಗಳು, ಸಭೆಯ ಹಿರಿಯರು ಬಂದು ಕುಳಿತರು. ‘ದೇವರ ಚಿತ್ತ, ತಾಯಿ’ ಎಂದರು. ಅವರೆಲ್ಲ ಒಳ್ಳೆಯವರು, ಬೇರೆ ಮಾತು ತೋಚದೆ ಆಡಿದ ಮಾತದು. ಕೆಲವು ದಿನಗಳ ಮೇಲೆ ಅಕ್ಕ ನನ್ನೊಡನೆ, “ಅವರೆಲ್ಲ ದೇವರ ಚಿತ್ತ ಅಂದು ಅವರವರ ಮನೆಗೆ ಹೋದರು ಕಣೋ. ನಾನು ಎಲ್ಲಿಗೆ ಹೋಗಲಿ?” ಎಂದಳು. ಆಮೇಲೆ ಬಹಳ ಕಾಲ, ಭಾನುವಾರದ ಆರಾಧನೆಯಲ್ಲಿ ಎಲ್ಲರೂ ಕರ್ತನ ಪ್ರಾರ್ಥನೆಯನ್ನು ಹೇಳುವಾಗ ಆ ಒಂದು ಸಾಲು ಬಂದಾಗ ಅವಳು ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಆ ಸಾಲು ಕಳೆದು ಅನುದಿನದ ಆಹಾರದ ಮಾತು ಬಂದಾಗ ಮತ್ತೆ ದನಿಗೂಡಿಸುತ್ತಿದ್ದಳು. ಪಕ್ಕದಲ್ಲಿ ಕುಳಿತವರಿಗೂ ತಿಳಿಯದಷ್ಟು ಸಣ್ಣ ಮೌನ.

ಆ ಮೌನಕ್ಕೆ ಬೈಬಲಿನಲ್ಲಿ ಆಸರೆಯಿಲ್ಲವೆ ಎಂದು ಹುಡುಕುವವರಿಗೆ ಯೋಬನ ಗ್ರಂಥವಿದೆ. ಮಕ್ಕಳನ್ನೂ ಸೊತ್ತನ್ನೂ ಆರೋಗ್ಯವನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತ ಯೋಬನನ್ನು ನೋಡಲು ಮೂವರು ಗೆಳೆಯರು ಬರುತ್ತಾರೆ. ಮೊದಲು ಏಳು ದಿನ ಏಳು ರಾತ್ರಿ ಅವನೊಡನೆ ನೆಲದ ಮೇಲೆ ಮಾತಿಲ್ಲದೆ ಕುಳಿತಿರುತ್ತಾರೆ. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದದ್ದೇ ತಡ, ದೇವರ ಪರವಾಗಿ ವಕಾಲತ್ತು ವಹಿಸಿ ಅವನ ದುಃಖಕ್ಕೆ ಕಾರಣಗಳನ್ನು ವಿವರಿಸತೊಡಗುತ್ತಾರೆ. ಯೋಬನಾದರೋ ದೇವರನ್ನೇ ತರುಬಿ ಕೇಳುತ್ತಾನೆ, ಜಗಳವಾಡುತ್ತಾನೆ. ಕಡೆಯಲ್ಲಿ ದೇವರ ಕೋಪ ಉರಿಯುವುದು ವಕೀಲರ ಮೇಲೆ; ತನ್ನನ್ನು ಕುರಿತು ಸರಿಯಾಗಿ ಮಾತಾಡಿದವನು ಯೋಬನೇ ಎಂಬ ತೀರ್ಪು ಬರುತ್ತದೆ. ಗೆತ್ಸೇಮನೆಯ ಮಾತಿಗೂ ಈ ಗೆಳೆಯರ ಮಾತಿಗೂ ಇರುವ ಅಂತರ ಇಲ್ಲಿ ನಿಚ್ಚಳವಾಗುತ್ತದೆ. ಅಲ್ಲಿ, ನೋವನ್ನು ಉಣ್ಣಬೇಕಾದವನೇ ಉತ್ತಮಪುರುಷದಲ್ಲಿ ಆಡಿದ ಮಾತು. ಇಲ್ಲಿ, ನೋವಿಲ್ಲದವರು ಪರರ ನೋವಿನ ಮೇಲೆ ಹೊರಿಸಿದ ಮಾತು. ಪದಗಳು ಒಂದೇ ಆದರೂ ಒಂದು ಪ್ರಾರ್ಥನೆ, ಇನ್ನೊಂದು ಬರಿಯ ವ್ಯಾಖ್ಯಾನ.

ಇಲ್ಲಿ ವ್ಯಾಕರಣವೂ ನಮ್ಮ ನೆರವಿಗೆ ಬರುತ್ತದೆ. ‘ದೇವರ ಚಿತ್ತ’ ಎಂದು ಸಾವಿನ ಮನೆಯಲ್ಲಿ ಹೇಳುವವರು ಮನಸ್ಸಿನಲ್ಲಿ ಅದಕ್ಕೆ ಸೇರಿಸಿಕೊಳ್ಳುವ ಕ್ರಿಯಾಪದ ‘ನೆರವೇರಿತು’ ಎಂಬುದು, ಅದು ಭೂತಕಾಲ. ಪ್ರಾರ್ಥನೆಯಲ್ಲಿ ಇರುವುದಾದರೋ ‘ನೆರವೇರಲಿ’, ಅದು ವಿಧ್ಯರ್ಥ. ಆಶೀರ್ವಾದ, ಅಪ್ಪಣೆ, ಹಾರೈಕೆ, ಸಮ್ಮತಿ ಮೊದಲಾದ ಅರ್ಥಗಳಲ್ಲಿ ವಿಧ್ಯರ್ಥ ಬರುತ್ತದೆಂದು ಶಾಲೆಯ ಮಕ್ಕಳಿಗೂ ಗೊತ್ತು. ಆಗಿಹೋದುದಕ್ಕೆ ಅದು ಸಲ್ಲುವುದಿಲ್ಲ. ಇನ್ನೂ ಆಗದೆ ಉಳಿದಿರುವುದಕ್ಕೆ ಮಾತ್ರ ಸಲ್ಲುತ್ತದೆ. ದೇವರ ಚಿತ್ತ ಈ ಭೂಮಿಯ ಮೇಲೆ ಆಗಲೇ ಎಲ್ಲೆಡೆ ನಡೆದುಹೋಗಿದ್ದರೆ ‘ನಡೆಯಲಿ’ ಎಂದು ಪ್ರಾರ್ಥಿಸಲು ಕಲಿಸುವ ಅಗತ್ಯವೇ ಇರುತ್ತಿರಲಿಲ್ಲ. ಆ ಪ್ರಾರ್ಥನೆಯ ಒಡಲಲ್ಲಿಯೇ, ನಡೆಯಬಾರದ್ದು ಎಷ್ಟೋ ಇಲ್ಲಿ ನಡೆಯುತ್ತಿದೆಯೆಂಬ ಒಪ್ಪಿಗೆಯಿದೆ.

ಇನ್ನೂ ಒಂದು ಸ್ವಾರಸ್ಯವಿದೆ. ನಮ್ಮ ಆಡುಮಾತಿನಲ್ಲಿ ‘ಆಗಲಿ’ ಎಂಬುದಕ್ಕೆ ಹಾರೈಕೆಯ ಅರ್ಥವಷ್ಟೇ ಅಲ್ಲದೆ ಒಪ್ಪಿಕೊಳ್ಳುವ ಅರ್ಥವೂ ಉಂಟು. ಹಿರಿಯರು, ‘ನಾಳೆ ಹೊಸಕೋಟೆಗೆ ಹೋಗಿ ಈ ಕೆಲಸ ಮುಗಿಸಿಕೊಂಡು ಬಾ’ ಎಂದರೆ ‘ಆಗಲಿ’ ಎನ್ನುತ್ತೇವೆ. ಅಂದರೆ ಅದು ತನ್ನಷ್ಟಕ್ಕೆ ತಾನೇ ಆಗಲಿ ಎಂದಲ್ಲ, ನಾನು ಮಾಡುತ್ತೇನೆ ಎಂದರ್ಥ. ಒಬ್ಬನ ಚಿತ್ತಕ್ಕೆ ‘ಆಗಲಿ’ ಎಂದವನು ಅದನ್ನು ನಡೆಸುವ ಆಳಾಗಲು ಒಪ್ಪಿದನೆಂದೇ ಲೆಕ್ಕ.

ಚರಿತ್ರೆಯಲ್ಲಿ ಇದಕ್ಕೆ ನಿದರ್ಶನ ಬೇಕಾದರೆ ನಮ್ಮ ಸೀಮೆಯಲ್ಲಿಯೇ ಇದೆ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ, ಸುಮಾರು 50 ಲಕ್ಷ ಜನರಿದ್ದ ಮೈಸೂರು ಸಂಸ್ಥಾನದಲ್ಲಿ 10 ಲಕ್ಷದಷ್ಟು ಮಂದಿ ಅಳಿದರೆಂದು ಅಂದಾಜು. ದೈವೇಚ್ಛೆಯೆಂದು ಕೈಕಟ್ಟಿ ಕುಳಿತುಕೊಳ್ಳಲು ಅದಕ್ಕಿಂತ ದೊಡ್ಡ ಅವಕಾಶ ಯಾರಿಗೂ ಸಿಕ್ಕಿರಲಾರದು. ನೆಲಮಂಗಲ, ಹೆಸರಘಟ್ಟಗಳ ಕಡೆ ಶಿಲುವೆಪುರವೆಂಬ ಹಳ್ಳಿಯಿದೆ. ಆ ಕ್ಷಾಮದಲ್ಲಿ ಅನಾಥರಾದ ಮಕ್ಕಳಿಗೆ ಕ್ಯಾಥೊಲಿಕ್ ಮಿಷನರಿಗಳು ಬೇಸಾಯದ ಭೂಮಿಯೊಡನೆ ನೆಲೆ ಕಲ್ಪಿಸಿದ ಊರು ಅದು. ಆ ಮಕ್ಕಳ ತಂದೆತಾಯಿಗಳು ಏನೆಂದು ಪ್ರಾರ್ಥಿಸಿರಬಹುದೆಂದು ಊಹಿಸಬಲ್ಲೆವು. ಆ ಪ್ರಾರ್ಥನೆಗಳು ಅವರ ಕಣ್ಣಮುಂದೆ ಈಡೇರಲಿಲ್ಲ. ಹಸಿವು ದೇವರ ಚಿತ್ತವೋ, ಆ ಮಕ್ಕಳ ಬಾಯಿಗೆ ಬಿದ್ದ ಗಂಜಿ ದೇವರ ಚಿತ್ತವೋ ಎಂದು ಕೇಳಿದರೆ, ‘ನೆರವೇರಲಿ’ ಎಂಬ ಕ್ರಿಯಾಪದ ನಮ್ಮನ್ನು ಗಂಜಿಯ ಕಡೆಗೇ ತಿರುಗಿಸುತ್ತದೆ.

ಅದೇ ದಶಕದ ಬರಗಾಲದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ಇನ್ನೊಬ್ಬ ಹುಡುಗಿ ಪಂಡಿತಾ ರಮಾಬಾಯಿ. 1858ರಲ್ಲಿ ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. ಮುಂದೆ ಕ್ರೈಸ್ತರಾಗಿ, ಪುಣೆಯ ಹತ್ತಿರದ ಕೇಡಗಾಂವ್‌ನಲ್ಲಿ ಸಾವಿರಾರು ಅನಾಥೆಯರಿಗೂ ವಿಧವೆಯರಿಗೂ ಆಶ್ರಯಕೊಟ್ಟವರು. ತನ್ನ ನಂತರ ಆ ಕೆಲಸವನ್ನು ಮಗಳು ಮನೋರಮಾ ಮುಂದುವರಿಸಬೇಕೆಂಬ ಆಸೆ ಯಾವ ತಾಯಿಗೆ ತಾನೆ ಇರದು? ಮಗಳು 1921ರಲ್ಲಿ ತೀರಿಕೊಂಡಳು. ರಮಾಬಾಯಿ ಕೈಯಲ್ಲಿದ್ದ ಬೈಬಲಿನ ಮರಾಠಿ ಅನುವಾದವನ್ನು ಕೆಳಗಿಡಲಿಲ್ಲ. ಅದನ್ನು ಮುಗಿಸಿಯೇ 1922ರ ಏಪ್ರಿಲ್ 5ರಂದು ಕಣ್ಣುಮುಚ್ಚಿದರು. ಆಸೆ ಮುರಿದುಬಿದ್ದ ಮೇಲೂ ‘ಆಗಲಿ’ ಎಂದವರ ಕೈ ಹೇಗಿರುತ್ತದೆಂಬುದಕ್ಕೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆ. ತನ್ನ ಆಸೆಗೆ ದೇವರ ಚಿತ್ತವೆಂಬ ಮುದ್ರೆಯೊತ್ತಿಕೊಳ್ಳುವುದು ಮನುಷ್ಯನಿಗೆ ಬಹಳ ಸುಲಭ. ಮಗಳ ಮದುವೆ, ಮಗನ ಉದ್ಯೋಗ, ಅಣ್ಣತಮ್ಮಂದಿರ ಜಮೀನಿನ ವ್ಯಾಜ್ಯ—ಎಲ್ಲದಕ್ಕೂ ಆ ಮುದ್ರೆ ಬೀಳುವುದನ್ನು ನಾವು ಕಂಡಿದ್ದೇವೆ. ಇದನ್ನು ಒರೆಹಚ್ಚಲು ನನಗೆ ತೋರುವ ಉಪಾಯ ಒಂದೇ: ಈ ‘ಚಿತ್ತ’ಕ್ಕೆ ಬೆಲೆ ತೆರಬೇಕಾದವರು ಯಾರು ಎಂದು ಕೇಳಿಕೊಳ್ಳುವುದು. ಗೆತ್ಸೇಮನೆಯಲ್ಲಿ ಬೆಲೆ ತೆತ್ತವನು ಪ್ರಾರ್ಥಿಸಿದವನೇ. ನಾನು ಕಂಡುಕೊಂಡ ದೇವರ ಚಿತ್ತಕ್ಕೆ ಬೆಲೆ ತೆರುವವಳು ನನ್ನ ಮಗಳೋ ನನ್ನ ನೆರೆಯವನೋ ಆಗಿದ್ದರೆ, ಅದು ನನ್ನ ಚಿತ್ತವೇ ಆಗಿರುವ ಸಂಭವ ಹೆಚ್ಚು.

ಅಕ್ಕ ಈಗ ಆ ಸಾಲನ್ನು ಹೇಳುತ್ತಾಳೆ. ಯಾರೂ ಅವಳಿಗೆ ಬುದ್ಧಿಹೇಳಲಿಲ್ಲ. ಕೇಳಿದಾಗ ಅವಳಾಗಿಯೇ ಹೇಳಿದ್ದಿಷ್ಟು: “ಆಗ, ಆಗಿಹೋದದ್ದಕ್ಕೆ ರುಜು ಹಾಕು ಅಂದ ಹಾಗೆ ಕೇಳಿಸುತ್ತಿತ್ತು. ಈಗ ಇನ್ನೂ ಆಗಬೇಕಾದ್ದಕ್ಕೆ ಅನ್ನಿಸುತ್ತೆ.” ಓಣಿಯಲ್ಲಿ ಯಾವ ಮಗುವಿಗೆ ಜ್ವರ ಬಂದರೂ ಆಸ್ಪತ್ರೆಗೆ ಮೊದಲು ಹೊರಡುವವಳು ಅವಳು.

ಬದುವಿನ ಆಚೆ ಈಚೆಯ ಆ ಇಬ್ಬರು ರೈತರ ಪ್ರಶ್ನೆಗೆ ಉತ್ತರ ಇನ್ನೂ ಉಳಿದಿದೆ. ಮೋಡಗಳ ಲೆಕ್ಕಾಚಾರವನ್ನು ಪ್ರಾರ್ಥನೆ ಬಿಡಿಸಿಕೊಡುತ್ತದೆಂದು ನಾನು ಹೇಳಲಾರೆ. ಆದರೆ ಆ ಪುಟ್ಟ ಪ್ರಾರ್ಥನೆಯಲ್ಲಿ ‘ನನ್ನ’ ಎಂಬ ಮಾತು ಒಂದು ಕಡೆಯೂ ಇಲ್ಲ. ಮೊದಲಿನಿಂದ ಕೊನೆಯವರೆಗೂ ‘ನಮ್ಮ’ ಎಂಬುದೇ. ಅದನ್ನು ಹೇಳುವವನು ತನ್ನ ರೊಟ್ಟಿಯೊಡನೆ ನೆರೆಯವನ ರೊಟ್ಟಿಯನ್ನೂ ಕೇಳಿದ ಹಾಗಾಯಿತು. ಮಳೆ ಬಂದರೆ, ರಾಗಿ ಬಿತ್ತಿದವನು ತನ್ನ ಹೊಲ ಹಸಿರಾದ ಸಂತೋಷದಲ್ಲಿಯೇ ಬುಟ್ಟಿ ಹಿಡಿದು ಬದು ದಾಟಿ, ಗೊಂಚಲು ಕೊಳೆಯುವ ಮುನ್ನ ಕೊಯ್ಯಲು ನೆರವಾಗಬೇಕು. ಬಾರದಿದ್ದರೆ, ಹಣ್ಣು ಮಾರಿ ಬಂದವನು ನೆರೆಮನೆಯ ಒಲೆ ಉರಿಯುತ್ತಿದೆಯೆ ಎಂದು ಒಮ್ಮೆ ನೋಡಬೇಕು. ಅಷ್ಟನ್ನು ಮಾಡಲು ಮಳೆಯ ತೀರ್ಮಾನಕ್ಕಾಗಿ ಅವರಿಬ್ಬರೂ ಕಾಯಬೇಕಾಗಿಲ್ಲ.